ಚೆಂಡಿನ ಹಿಂದೆ ಓಡುವ ಮನಸ್ಸು

ರಾತ್ರಿ ಒಂಬತ್ತು ಗಂಟೆ. ಅಡಿಗೆಮನೆಯಿಂದ ಅಮ್ಮ ಊಟಕ್ಕೆ ಕರೆಯುತ್ತಾರೆ. 'ಒಂದೇ ನಿಮಿಷ ಅಮ್ಮಾ, ಕಾರ್ನರ್ ಇದೆ' ಎಂಬ ಉತ್ತರ ಬರುತ್ತದೆ. ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತದೆ. ಗಂಜಿ ತಣಿಯುತ್ತದೆ, ಅಮ್ಮನ ಸಿಟ್ಟು ಏರುತ್ತದೆ. ಮಗನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಲೆಕ್ಕವಿಲ್ಲ, ಹನ್ನೊಂದು ಚುಕ್ಕಿಗಳಿವೆ. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು, ಗೋಲಿನಲ್ಲಿ ಒಂದು. ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇದು ಹೊಸ ಸಂಗತಿಯೇನಲ್ಲ.

'ಇವನಿಗೆ ಚೆಂಡಿನ ಹುಚ್ಚು ಹಿಡಿದಿದೆ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ ಫಾದರ್' ಎಂದು ತಾಯಂದಿರು ಹೇಳುವುದನ್ನು ಮನೆಭೇಟಿಯ ವೇಳೆ ಎಷ್ಟೋ ಸಲ ಕೇಳಿದ್ದೇನೆ. 'ಮೆಸ್ಸಿ ಬಂದು ನಿನಗೆ ಅನ್ನ ಹಾಕುತ್ತಾನೆಯೇ?' ಎಂದು ತಂದೆ ಗದರಿಸುತ್ತಾರೆ. ಹುಡುಗ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಆ ತಲೆ ತಗ್ಗಿಸಿದ ಹುಡುಗನ ಮನಸ್ಸಿನಲ್ಲಿ ಏನಿದೆ? ಅವನಿಗೆ ಯಾವುದರಿಂದ ಸಂತೋಷ, ಯಾವುದರಿಂದ ಚಿಂತೆ? ಬುದ್ಧಿ ಹೇಳುವ ಮೊದಲು ಅದನ್ನು ತಿಳಿಯುವುದು ಒಳ್ಳೆಯದಲ್ಲವೇ?

ಊರೆಲ್ಲ ಮೈದಾನ

ಮೊದಲನೆಯದಾಗಿ, ಈ ಹುಚ್ಚು ಅವನೊಬ್ಬನದಲ್ಲ. ನಾವು ಬಾಳುತ್ತಿರುವ ನೆಲದ್ದೇ ಅದು. ಮಲಬಾರಿನಲ್ಲಿ ಮಳೆ ಹಿಂದೆ ಸರಿದು ನವೆಂಬರ್ ಬಂತೆಂದರೆ ಸೆವೆನ್ಸ್ ಫುಟ್‌ಬಾಲಿನ ಕಾಲ ಆರಂಭವಾಗುತ್ತದೆ. ಮೇ ತಿಂಗಳವರೆಗೂ ಅದು ನಡೆಯುತ್ತದೆ. ಹನ್ನೊಂದು ಮಂದಿಯ ಬದಲು ಏಳು ಮಂದಿ, ಚಿಕ್ಕ ಮೈದಾನ, ರಾತ್ರಿಯ ದೀಪಗಳು, ಬಿದಿರು ಅಡಿಕೆ ಮರಗಳಿಂದ ಕಟ್ಟಿದ ಗ್ಯಾಲರಿ, ಅದರ ತುಂಬ ಜನ. ನೈಜೀರಿಯ, ಘಾನಾ, ಐವರಿ ಕೋಸ್ಟ್ ಮೊದಲಾದ ದೇಶಗಳ ಆಟಗಾರರೂ ಇಲ್ಲಿಗೆ ಬಂದು ಆಡುತ್ತಾರೆ. 2018ರಲ್ಲಿ ತೆರೆಕಂಡ 'ಸುಡಾನಿ ಫ್ರಮ್ ನೈಜೀರಿಯಾ' ಎಂಬ ಮಲಯಾಳಂ ಚಲನಚಿತ್ರ ಅಂಥ ಒಬ್ಬ ಆಟಗಾರನ ಕಥೆಯನ್ನೇ ಹೇಳಿತು. ನಮ್ಮ ಜಿಲ್ಲೆಯಲ್ಲಿ ತ್ರಿಕ್ಕರಿಪುರ, ಪಡನ್ನ, ಮೊಗ್ರಾಲ್, ಉಪ್ಪಳ ಎಂದರೆ ಫುಟ್‌ಬಾಲ್ ಬಲ್ಲವರಿಗೆ ಪರಿಚಯ ಬೇಕಿಲ್ಲ.

ವಿಶ್ವಕಪ್ ಬಂದರೆ ಕೇಳುವುದೇ ಬೇಡ. 2022ರ ಕತಾರ್ ವಿಶ್ವಕಪ್ ಸಮಯದಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಅರ್ಜೆಂಟೀನಾದ ಅಭಿಮಾನಿಗಳು ಮೆಸ್ಸಿಯ 30 ಅಡಿಯ ಕಟೌಟ್ ನಿಲ್ಲಿಸಿದರು. ಅದನ್ನು ಕಂಡ ಬ್ರೆಜಿಲ್ ಅಭಿಮಾನಿಗಳು ನೆಯ್ಮಾರನ 40 ಅಡಿಯ ಕಟೌಟ್ ತಂದು ನಿಲ್ಲಿಸಿದರು. ಕೊನೆಗೆ ಅವೆರಡನ್ನೂ ಮೀರಿಸುವಂತೆ ರೊನಾಲ್ಡೊ ಬಂದು ನಿಂತ. ಆ ಹೊಳೆಯ ಚಿತ್ರವನ್ನು ಫಿಫಾ ಸಂಸ್ಥೆಯೇ ಜಗತ್ತಿಗೆ ತೋರಿಸಿತು. ಸಾವಿರಾರು ಮೈಲಿ ದೂರದ ದೇಶಗಳ ಬಾವುಟ ನಮ್ಮ ತೆಂಗಿನ ಮರಗಳ ನಡುವೆ ಹಾರಾಡುವಾಗ, ಹದಿನಾಲ್ಕರ ಹುಡುಗನೊಬ್ಬ ಮಾತ್ರ ಅದಕ್ಕೆ ಬೆನ್ನು ಹಾಕಿ ಕುಳಿತುಕೊಳ್ಳಬೇಕೆಂದರೆ ಹೇಗೆ?

ಇನ್ನೊಂದು ಕಾರಣವೂ ಇದೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ತಂದೆ ಗಲ್ಫಿನಲ್ಲಿದ್ದಾರೆ. ವಾರಕ್ಕೊಮ್ಮೆ ಫೋನಿನಲ್ಲಿ 'ಓದುತ್ತಿದ್ದೀಯಾ?', 'ಹೂಂ', 'ಅಮ್ಮನ ಮಾತು ಕೇಳುತ್ತಿದ್ದೀಯಾ?', 'ಹೂಂ' ಎಂದು ಮುಗಿಯುತ್ತಿದ್ದ ಮಾತು, ಪಂದ್ಯದ ವಿಷಯ ಬಂದಾಗ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. ದೂರದಲ್ಲಿರುವ ತಂದೆಗೂ ಎತ್ತರಕ್ಕೆ ಬೆಳೆದ ಮಗನಿಗೂ ಇಬ್ಬರಿಗೂ ಬರುವ ಒಂದು ಭಾಷೆ ಸಿಕ್ಕಿದಂತಾಗುತ್ತದೆ. ಇದು ಸಣ್ಣ ಲಾಭವೇನಲ್ಲ.

ಎರಡು ಅಂಗಿಗಳ ನಡುವೆ

ಗಡಿನಾಡಿನ ಕನ್ನಡದ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಪೇಚಾಟ ಇದೆ. ಅವರ ಶಾಲೆ ಕನ್ನಡ ಮಾಧ್ಯಮದ್ದು, ಮನೆಯಲ್ಲಿ ಕೊಂಕಣಿ ಅಥವಾ ತುಳು, ಬಸ್ಸಿನಲ್ಲಿ ಮಲಯಾಳಂ. ಹಾಗಾದರೆ ತಂಡ ಯಾವುದು? ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯೇ, ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿಯೇ? ಪಕ್ಕದ ಬೆಂಚಿನ ಗೆಳೆಯರೆಲ್ಲ ಹಳದಿ. ಮಂಗಳೂರಿನಲ್ಲಿರುವ ಚಿಕ್ಕಪ್ಪನ ಮಕ್ಕಳೆಲ್ಲ ನೀಲಿ. ಹಿರಿಯರಾದ ನಮಗೆ ಇದು ನಗೆಯ ಮಾತಾಗಿ ಕಾಣಬಹುದು. ಹುಡುಗನಿಗೆ ಮಾತ್ರ 'ನಾನು ಎಲ್ಲಿಯವನು?' ಎಂಬ ಪ್ರಶ್ನೆಯೇ ಅಂಗಿಯ ಬಣ್ಣದಲ್ಲಿ ಎದುರು ನಿಂತಿದೆ.

2023ರ ಮಾರ್ಚ್ 3ರಂದು ಈ ಪೇಚಾಟ ತೀರಾ ಹೆಚ್ಚಾಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಎರಡೂ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗಿನ ಪ್ಲೇ-ಆಫ್ ಪಂದ್ಯ. ಹೆಚ್ಚುವರಿ ಸಮಯದ 96ನೆಯ ನಿಮಿಷದಲ್ಲಿ, ಎದುರಾಳಿಗಳು ತಡೆಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಅದನ್ನು ಒಪ್ಪಿದರು. ಬ್ಲಾಸ್ಟರ್ಸ್ ಆಟಗಾರರು ಪ್ರತಿಭಟಿಸಿ ಮೈದಾನ ಬಿಟ್ಟು ಹೊರನಡೆದರು. ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಹಾಕಿತು. ತಂಡ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಬೇಕಾಯಿತು.

ಆ ಗೋಲು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಕ್ಕಳೊಡನೆ ಮಾತನಾಡಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೇ? ತೀರ್ಪು ತಪ್ಪೆನಿಸಿದಾಗ ಏನು ಮಾಡಬೇಕು? ಆಟ ಬಿಟ್ಟು ನಡೆಯಬೇಕೇ, ಆಡಿ ಮುಗಿಸಿ ಆಮೇಲೆ ದೂರು ಕೊಡಬೇಕೇ? ಮನೆಯಲ್ಲಿ, ಶಾಲೆಯಲ್ಲಿ, ಮುಂದೆ ಕೆಲಸದ ಜಾಗದಲ್ಲಿ ಅವರು ಎದುರಿಸಲಿರುವ ಪ್ರಶ್ನೆಯೂ ಇದೇ.

ನೀಲಿಯೋ ಹಳದಿಯೋ ಎಂಬ ಚಿಂತೆಗೆ ನಾನು ಮಕ್ಕಳಿಗೆ ಕೊಡುವ ಉತ್ತರ ಒಂದೇ. ಕಣ್ಣೂರಿನ ಸಿ. ಕೆ. ವಿನೀತ್ ಬೆಂಗಳೂರಿಗೂ ಆಡಿದರು, ಬ್ಲಾಸ್ಟರ್ಸ್‌ಗೂ ಆಡಿದರು. ಎರಡೂ ಅಂಗಿಗಳಲ್ಲಿ ಬೆವರು ಸುರಿಸಿದರು. ಆಟಗಾರನಿಗೆ ಅದು ಸಾಧ್ಯವಾದರೆ ಅಭಿಮಾನಿಗೆ ಏಕೆ ಆಗಬಾರದು? ಎರಡು ಭಾಷೆಗಳ ನಡುವೆ ಹುಟ್ಟಿದವನು ಎರಡು ಮನೆಗಳಿರುವ ಶ್ರೀಮಂತ. ಅವನು ಯಾರ ಮುಂದೆಯೂ ನಾಚಬೇಕಾಗಿಲ್ಲ.

ಸೋಲಿನ ರಾತ್ರಿ

ಮಗನ ತಂಡ ಸೋತ ರಾತ್ರಿ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ಅವನು ಊಟ ಬೇಡ ಎನ್ನುತ್ತಾನೆ. ದೀಪ ಆರಿಸಿ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. 'ಯಾರೋ ಎಲ್ಲೋ ಸೋತರೆ ನಿನಗೇನು?' ಎಂದು ನಾವು ಕೇಳುತ್ತೇವೆ. ಸೋತ ತಂಡಕ್ಕಾಗಿ ಅಳುವ ಹುಡುಗ ಪ್ರೀತಿಸಲು ಕಲಿಯುತ್ತಿದ್ದಾನೆ ಎಂಬುದನ್ನು ಮರೆಯುತ್ತೇವೆ. ಗೆದ್ದವರ ಜೊತೆ ನಿಲ್ಲುವುದು ಸುಲಭ. ಸೋತವರನ್ನು ಬಿಟ್ಟುಹೋಗದಿರುವುದು ನಿಷ್ಠೆ.

ಬ್ಲಾಸ್ಟರ್ಸ್ ಅಭಿಮಾನಿಗಳಿಗೆ ಈ ನಿಷ್ಠೆ ಚೆನ್ನಾಗಿಯೇ ಅಭ್ಯಾಸವಾಗಿದೆ. ಲೀಗ್ ಆರಂಭವಾದ 2014ರಲ್ಲಿ ಫೈನಲ್ ತಲುಪಿ ಸೋತರು. 2016ರಲ್ಲಿ ಕೊಚ್ಚಿಯಲ್ಲೇ ನಡೆದ ಫೈನಲಿನಲ್ಲಿ ಮೊದಲ ಗೋಲು ಹೊಡೆದವರು ನಮ್ಮದೇ ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಾಫಿ. ತಲೆಯಿಂದ ಹೊಡೆದ ಆ ಗೋಲಿಗೆ ಕಾಸರಗೋಡು ಕುಣಿಯಿತು. ಆದರೆ ಪಂದ್ಯ 1-1ರಲ್ಲಿ ನಿಂತು, ಪೆನಾಲ್ಟಿಯಲ್ಲಿ 4-3ರಿಂದ ಕೋಲ್ಕತ್ತ ಗೆದ್ದಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಹೈದರಾಬಾದ್ ವಿರುದ್ಧ ಮತ್ತೆ 1-1, ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಮೂರು ಫೈನಲ್, ಮೂರೂ ಸೋಲು. ಆದರೂ ಮರುವರ್ಷ ಗ್ಯಾಲರಿ ಹಳದಿಯಾಗಿಯೇ ಇತ್ತು.

ಮೆಸ್ಸಿಯ ಕಥೆಯೂ ಇದೇ ದಾರಿಯದು. ಮಕ್ಕಳು ಅವರ ಗೋಲುಗಳನ್ನು ಬಲ್ಲರು, ಸೋಲುಗಳನ್ನು ಅಷ್ಟಾಗಿ ಬಲ್ಲವರಲ್ಲ. ರೊಸಾರಿಯೊ ನಗರದ ಆ ಬಾಲಕನಿಗೆ ದೇಹ ಬೆಳೆಯಲು ಬೇಕಾದ ಹಾರ್ಮೋನಿನ ಕೊರತೆ ಇತ್ತು. ಚಿಕಿತ್ಸೆಯ ಖರ್ಚು ಮನೆಯವರ ಕೈಮೀರಿತ್ತು. 2000ದಲ್ಲಿ, 13ರ ವಯಸ್ಸಿನಲ್ಲಿ, ಬಾರ್ಸಿಲೋನಾ ಕ್ಲಬ್ ಅವರನ್ನು ಸೇರಿಸಿಕೊಂಡು ಆ ಖರ್ಚು ವಹಿಸಿತು. 2014ರಲ್ಲಿ ವಿಶ್ವಕಪ್ ಫೈನಲಿನಲ್ಲಿ ಜರ್ಮನಿಯ ಎದುರು ಸೋಲು. 2015ರಲ್ಲಿ ಕೋಪಾ ಅಮೆರಿಕಾ ಫೈನಲಿನಲ್ಲಿ ಚಿಲಿಯ ಎದುರು ಸೋಲು. 2016ರಲ್ಲಿ ಅದೇ ಚಿಲಿಯ ಎದುರು ಫೈನಲಿನಲ್ಲಿ ಮೆಸ್ಸಿಯೇ ಪೆನಾಲ್ಟಿ ತಪ್ಪಿದರು. ಇನ್ನು ದೇಶಕ್ಕಾಗಿ ಆಡುವುದಿಲ್ಲ ಎಂದು ಹೇಳಿದರು. ಕೆಲವೇ ವಾರಗಳಲ್ಲಿ ಮನಸ್ಸು ಬದಲಿಸಿ ಮರಳಿದರು. 2021ರಲ್ಲಿ ಕೋಪಾ ಸಿಕ್ಕಿತು. 2022ರ ನವೆಂಬರ್ 22ರಂದು, ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯ 2-1ರಿಂದ ಅರ್ಜೆಂಟೀನಾವನ್ನು ಸೋಲಿಸಿತು. ಮರುದಿನ ಶಾಲೆಯಲ್ಲಿ ಅರ್ಜೆಂಟೀನಾದ ಹುಡುಗರಿಗೆ ತಲೆ ಎತ್ತಲಾಗಲಿಲ್ಲ. ಡಿಸೆಂಬರ್ 18ರಂದು ಅದೇ ತಂಡ ಫ್ರಾನ್ಸಿನೊಡನೆ 3-3 ಸಮ ಮಾಡಿ, ಪೆನಾಲ್ಟಿಯಲ್ಲಿ 4-2ರಿಂದ ಕಪ್ ಎತ್ತಿತು.

ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗನಿಗೆ ನಾವು ಒಂದು ಗಂಟೆ ಉಪದೇಶ ಮಾಡುತ್ತೇವೆ. ಅದರ ಬದಲು 'ನಿನ್ನ ಮೆಸ್ಸಿ 2016ರಲ್ಲಿ ಏನು ಮಾಡಿದ?' ಎಂದು ಕೇಳಿ ನೋಡಿ. ಉತ್ತರ ಅವನ ಬಾಯಿಂದಲೇ ಬರುತ್ತದೆ.

ಕೈಗೆ ಸಿಗದ ನಕ್ಷತ್ರ

ಅಭಿಮಾನಿ ಹುಡುಗನ ಚಿಂತೆಗಳಲ್ಲಿ ನಿರಾಸೆಯೂ ಒಂದು. ಅರ್ಜೆಂಟೀನಾ ತಂಡ ಮೆಸ್ಸಿಯೊಡನೆ ಕೇರಳಕ್ಕೆ ಬರುತ್ತದೆಂದು ದೊಡ್ಡ ಪ್ರಚಾರವಾಯಿತು. 2025ರ ನವೆಂಬರ್ ಎಂದು ಹೇಳಿದರು. ಮಕ್ಕಳು ಟಿಕೆಟಿಗೆಂದು ಹಣ ಕೂಡಿಡತೊಡಗಿದರು. ಅಕ್ಟೋಬರ್ ಕೊನೆಯಲ್ಲಿ, ನವೆಂಬರಿನಲ್ಲಿ ಪಂದ್ಯ ಇಲ್ಲ ಎಂಬ ಸುದ್ದಿ ಬಂತು. ಡಿಸೆಂಬರ್ 13ರಂದು ಮೆಸ್ಸಿ ಕೋಲ್ಕತ್ತಕ್ಕೆ ಬಂದರು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಗಣ್ಯರು, ಅಧಿಕಾರಿಗಳು ಅವರನ್ನು ಸುತ್ತುವರಿದದ್ದರಿಂದ, ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡ ಜನರಿಗೆ ಅವರ ಮುಖವೇ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರು ಹೊರಟುಹೋದರು. ಕೋಪಗೊಂಡ ಜನ ಕುರ್ಚಿ, ಬಾಟಲಿ ಎಸೆದರು.

ನಮ್ಮ ದೇಶದ ಆಟದ ಸ್ಥಿತಿಯೂ ಮಕ್ಕಳನ್ನು ಕಾಡುತ್ತದೆ. 2025ರ ಜುಲೈಯಲ್ಲಿ, ಒಪ್ಪಂದದ ತಕರಾರಿನಿಂದಾಗಿ ಇಂಡಿಯನ್ ಸೂಪರ್ ಲೀಗಿನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. 2026ರ ಫೆಬ್ರವರಿಯಲ್ಲಷ್ಟೇ ಲೀಗ್ ಮತ್ತೆ ಆರಂಭವಾಯಿತು. ಫುಟ್‌ಬಾಲ್ ಆಟಗಾರನಾಗಬೇಕೆಂದು ಕನಸು ಕಾಣುವ ಹುಡುಗ ಇದನ್ನು ಓದಿ 'ನಾಳೆ ನನ್ನ ಗತಿ ಏನು?' ಎಂದು ಯೋಚಿಸದೆ ಇರುತ್ತಾನೆಯೇ? ಹಾಗೆ ಕೇಳಿದಾಗ ಅವನನ್ನು ಗೇಲಿ ಮಾಡಬೇಡಿ. ಆಟದ ಜೊತೆ ಓದೂ ಏಕೆ ಬೇಕು ಎಂದು ಅವನಿಗೆ ತಿಳಿಹೇಳಲು ಇದೇ ಸರಿಯಾದ ಗಳಿಗೆ.

ಇದರ ನಡುವೆ ಬೆಳಕಿನ ಮಾತೂ ಇದೆ. 2018ರ ಜೂನ್ ತಿಂಗಳಲ್ಲಿ ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0ಯಿಂದ ಗೆದ್ದಾಗ ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ನಾಯಕ ಛೇತ್ರಿ ಒಂದು ಪುಟ್ಟ ವಿಡಿಯೊ ಮಾಡಿ, ಬೈಯುವುದಾದರೂ ಸರಿ, ಮೈದಾನಕ್ಕೆ ಬಂದು ಬೈಯಿರಿ ಎಂದು ಜನರನ್ನು ಬೇಡಿಕೊಂಡರು. ಜೂನ್ 4ರ ಮುಂದಿನ ಪಂದ್ಯಕ್ಕೆ ಮೈದಾನ ತುಂಬಿತು. ಅದು ಛೇತ್ರಿಯ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಕೀನ್ಯದ ವಿರುದ್ಧ ಭಾರತ 3-0ಯಿಂದ ಗೆದ್ದಿತು. ದೂರದ ನಕ್ಷತ್ರ ಕೈಗೆ ಸಿಗದಿರಬಹುದು. ಹತ್ತಿರದ ಮೈದಾನದಲ್ಲಿ ಆಡುವವರಿಗೆ ನಮ್ಮ ಹುಡುಗನ ಚಪ್ಪಾಳೆ ಬೇಕಾಗಿದೆ.

ನಿದ್ದೆ, ಹಣ, ನಾಲಿಗೆ

ಹಾಗೆಂದು ಹೆತ್ತವರ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೂರು ವಿಷಯಗಳಲ್ಲಿ ಎಚ್ಚರ ಬೇಕೇ ಬೇಕು.

ಮೊದಲನೆಯದು ನಿದ್ದೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳು ನಮ್ಮಲ್ಲಿ ಆರಂಭವಾಗುವುದು ನಡುರಾತ್ರಿ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. 2026ರ ವಿಶ್ವಕಪ್ಪನ್ನು ಅಮೆರಿಕ, ಕೆನಡಾ, ಮೆಕ್ಸಿಕೊಗಳಿಗೆ ಕೊಡಲಾಯಿತು. 48 ತಂಡ, 104 ಪಂದ್ಯ, ಜೂನ್ 11ರಿಂದ ಜುಲೈ 19ರವರೆಗಿನ ವೇಳಾಪಟ್ಟಿ. ಅಲ್ಲಿಯ ಹಗಲು ಸಂಜೆಗಳೆಂದರೆ ನಮಗೆ ನಡುರಾತ್ರಿ, ನಸುಕು. ಅದೇ ಜೂನಿನಲ್ಲಿ ಕೇರಳದ ಶಾಲೆಗಳು ತೆರೆಯುತ್ತವೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹೊದಿಕೆಯೊಳಗೆ ಮೊಬೈಲ್ ಹಿಡಿದು ಕದ್ದು ನೋಡುವ ಹುಡುಗನಿಗೆ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ. 'ನೋಡಲೇಬಾರದು' ಎಂದರೆ ಕದ್ದು ನೋಡುತ್ತಾನೆ. 'ವಾರಕ್ಕೆ ಒಂದು ಪಂದ್ಯ, ನೀನೇ ಆರಿಸು, ಉಳಿದವನ್ನು ಬೆಳಿಗ್ಗೆ ಮುಖ್ಯ ಭಾಗಗಳಲ್ಲಿ ನೋಡು' ಎಂದು ಕರಾರು ಮಾಡಿದರೆ ಹೆಚ್ಚಿನ ಮಕ್ಕಳು ಪಾಲಿಸುತ್ತಾರೆ. ಆರಿಸುವ ಅಧಿಕಾರ ಸಿಕ್ಕವನಿಗೆ ಕದಿಯುವ ಅಗತ್ಯ ಇರುವುದಿಲ್ಲ.

ಎರಡನೆಯದು ಹಣ. ಅಸಲಿ ಜೆರ್ಸಿಗೆ ಸಾವಿರಾರು ರೂಪಾಯಿ, ರಸ್ತೆಬದಿಯ ಜೆರ್ಸಿಗೆ ಕೆಲವೇ ನೂರು. ಮುನ್ನೂರು ರೂಪಾಯಿಯ ಅಂಗಿ ತೊಟ್ಟವನ ಪ್ರೀತಿ ಕಡಿಮೆಯದಲ್ಲ ಎಂದು ಮಗನಿಗೆ ಹೇಳಿ. ಆದರೆ ಜೆರ್ಸಿಗಿಂತ ಭಯಂಕರವಾದದ್ದು ಪಣ. 'ಸೋತರೆ ಅರ್ಧ ಮೀಸೆ ಬೋಳಿಸುತ್ತೇನೆ' ಎಂಬುದು ತಮಾಷೆ. 'ಸೋತರೆ ಐನೂರು ಕೊಡುತ್ತೇನೆ' ಎಂಬಲ್ಲಿ ತಮಾಷೆ ಮುಗಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆಯೊಂದನ್ನು ಅಂಗೀಕರಿಸಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಟಗಾರರನ್ನು ಆರಿಸಿ ಹಣ ಹೂಡುವ 'ಫ್ಯಾಂಟಸಿ' ಆಟಗಳೂ ಅದರಲ್ಲಿ ಸೇರಿದವು. ಕಾನೂನು ಬಂದ ಮಾತ್ರಕ್ಕೆ ಆಸೆ ಸಾಯುವುದಿಲ್ಲ. ಮಗ ತಾಯಿಯ ಫೋನಿನಿಂದ ಯಾರಿಗೆ ಹಣ ಕಳಿಸಿದ ಎಂಬುದು ಮನೆಯವರಿಗೆ ತಿಳಿದಿರಬೇಕು. ತಪ್ಪಿ ಕಳೆದುಕೊಂಡಿದ್ದರೆ ಅದನ್ನು ಧೈರ್ಯವಾಗಿ ಹೇಳಿಕೊಳ್ಳುವಷ್ಟು ಸಲುಗೆಯೂ ಅವನಿಗಿರಬೇಕು. ಹೆದರಿ ಮುಚ್ಚಿಟ್ಟ ಐನೂರು ರೂಪಾಯಿ ಸಾಲವೇ ಐದು ಸಾವಿರವಾಗಿ ಬೆಳೆಯುವುದು.

ಮೂರನೆಯದು ನಾಲಿಗೆ. ಎದುರು ತಂಡದವನನ್ನು ಕೆಣಕುವುದು ಆಟದ ಮೋಜು. ಅವನ ಬಣ್ಣ, ಜಾತಿ, ಧರ್ಮ, ತಾಯಿಯನ್ನು ಹಿಡಿದು ಬೈಯುವುದು ಪಾಪ. 2021ರ ಜುಲೈ 11ರಂದು ಯೂರೊ ಫೈನಲಿನಲ್ಲಿ ಪೆನಾಲ್ಟಿ ತಪ್ಪಿದ ಇಂಗ್ಲೆಂಡಿನ ಬುಕಾಯೊ ಸಾಕಾಗೆ ಆಗ ಕೇವಲ 19 ವರ್ಷ. ಅವರ ಮೈಬಣ್ಣವನ್ನು ಹಿಡಿದು ಸ್ವಂತ ದೇಶದವರೂ ಮೊಬೈಲಿನಲ್ಲಿ ವಿಷ ಕಾರಿದರು. 1994ರ ವಿಶ್ವಕಪ್ಪಿನಲ್ಲಿ ಕೊಲಂಬಿಯದ ಆಂದ್ರೆಸ್ ಎಸ್ಕೋಬಾರ್ ಕಾಲಿಗೆ ತಾಗಿ ಚೆಂಡು ತನ್ನದೇ ಗೋಲಿನೊಳಗೆ ಹೋಯಿತು. ಹತ್ತು ದಿನಗಳ ಬಳಿಕ, ಜುಲೈ 2ರಂದು, ಮೆಡೆಲಿನ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರಿಗೆ 27 ವರ್ಷ. ಅದು ದೂರದ ದೇಶ ಎನ್ನುವಿರಾ? 2022ರ ಫೈನಲಿನ ರಾತ್ರಿ ನಮ್ಮ ಪಕ್ಕದ ಕಣ್ಣೂರಿನಲ್ಲೇ ಅಭಿಮಾನಿಗಳ ಜಗಳ ಚೂರಿ ಇರಿತದವರೆಗೆ ಹೋಯಿತು. ಇರಿದವರೂ ಇರಿಸಿಕೊಂಡವರೂ ಯಾವ ತಂಡದಲ್ಲೂ ಆಡುತ್ತಿದ್ದವರಲ್ಲ. ನಾಲಿಗೆ ಮೊದಲು ಹರಿತವಾಗುತ್ತದೆ, ಕೈ ಆಮೇಲೆ.

ನೋಡುವುದರಿಂದ ಆಡುವುದಕ್ಕೆ

ಈ ಮೂರಕ್ಕೂ ಒಂದೇ ಮದ್ದು ಇದೆ. ಹುಡುಗನನ್ನು ಪರದೆಯ ಮುಂದಿನಿಂದ ಎಬ್ಬಿಸಿ ಮೈದಾನಕ್ಕೆ ಕಳಿಸುವುದು. ಸಂಜೆ ಎರಡು ಗಂಟೆ ಓಡಿದವನಿಗೆ ರಾತ್ರಿ ನಿದ್ದೆ ತಾನಾಗಿ ಬರುತ್ತದೆ. ತಾನೇ ಪೆನಾಲ್ಟಿ ತಪ್ಪಿದವನು ಇನ್ನೊಬ್ಬನ ತಪ್ಪಿಗೆ ಬೈಯಲು ಹಿಂಜರಿಯುತ್ತಾನೆ.

ಆಡಲು ದೊಡ್ಡ ಸೌಕರ್ಯ ಬೇಕೆಂದಿಲ್ಲ. ತೃಶ್ಶೂರಿನ ಐ. ಎಂ. ವಿಜಯನ್ ಬಾಲ್ಯದಲ್ಲಿ ಕ್ರೀಡಾಂಗಣದಲ್ಲಿ ಸೋಡಾ ಬಾಟಲಿ ಮಾರುತ್ತಿದ್ದವರು. ಅದೇ ಹುಡುಗ ಕೇರಳ ಪೊಲೀಸ್ ತಂಡ ಸೇರಿ, ಭಾರತದ ನಾಯಕರಾಗಿ, 2025ರಲ್ಲಿ ಪದ್ಮಶ್ರೀ ಗೌರವ ಪಡೆದರು. ಹುಡುಗಿಯರನ್ನೂ ಮರೆಯಬಾರದು. 2025ರ ಜುಲೈಯಲ್ಲಿ ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ ನೀಲೇಶ್ವರ ಸಮೀಪದ ಬಂಗಳಂ ಊರಿನ ಪಿ. ಮಾಳವಿಕಾ ಇದ್ದರು. 'ಹುಡುಗಿಗೆ ಏಕೆ ಚೆಂಡು?' ಎಂದು ಕೇಳುವ ಮನೆಗಳಿಗೆ ಬಂಗಳಂ ಉತ್ತರ ಕೊಟ್ಟಿದೆ.

ಇಲ್ಲಿ ನಮ್ಮ ಚರ್ಚ್ ಅಂಗಳಗಳ ಮಾತನ್ನೂ ಹೇಳಲೇಬೇಕು. ಗ್ಲಾಸ್ಗೊ ನಗರದ ಪ್ರಸಿದ್ಧ ಸೆಲ್ಟಿಕ್ ಕ್ಲಬ್ಬನ್ನು 1887ರಲ್ಲಿ ಆರಂಭಿಸಿದವರು ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್. ಬಡ ಮಕ್ಕಳ ಊಟಕ್ಕೆ ಹಣ ಕೂಡಿಸುವುದು ಅದರ ಉದ್ದೇಶವಾಗಿತ್ತು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಅಲ್ಮಾಗ್ರೊ ಎಂಬಲ್ಲಿ ಮಕ್ಕಳು ಬೀದಿಯಲ್ಲೇ ಚೆಂಡಾಡುತ್ತಿದ್ದರು. ಟ್ರಾಮಿಗೆ ಸಿಕ್ಕಿ ಒಬ್ಬ ಹುಡುಗನ ಜೀವ ಹೋಗುವುದರಲ್ಲಿತ್ತು. ಅದನ್ನು ಕಂಡ ಸಲೇಷಿಯನ್ ಗುರು ಲೊರೆಂಜೊ ಮಾಸ್ಸಾ, ಭಾನುವಾರ ಪೂಜೆಗೆ ಬರುವುದಾದರೆ ಚರ್ಚ್ ಅಂಗಳದಲ್ಲೇ ಆಡಿರಿ ಎಂದು ಅವರನ್ನು ಕರೆದರೆಂದು ಹೇಳುತ್ತಾರೆ. 1908ರಲ್ಲಿ ಹುಟ್ಟಿದ ಆ ತಂಡವೇ ಸ್ಯಾನ್ ಲೊರೆಂಜೊ. 1946ರಲ್ಲಿ ಅದು ಚಾಂಪಿಯನ್ ಆದ ವರ್ಷ, ಒಂಬತ್ತು ವರ್ಷದ ಬಾಲಕನೊಬ್ಬ ಮನೆಯವರ ಜೊತೆ ಗ್ಯಾಲರಿಯಲ್ಲಿ ಕುಳಿತು ಪಂದ್ಯ ನೋಡುತ್ತಿದ್ದ. ಅವನ ಹೆಸರು ಹೋರ್ಹೆ ಬೆರ್ಗೊಲಿಯೊ. ಆ ಬಾಲಕನೇ ಮುಂದೆ ಜಗದ್ಗುರು ಫ್ರಾನ್ಸಿಸರಾದರು. 2014ರಲ್ಲಿ ಆ ಕ್ಲಬ್ ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್ ಗೆದ್ದಾಗ ಆಟಗಾರರು ಅದನ್ನು ವ್ಯಾಟಿಕನ್ನಿಗೆ ತಂದು ತೋರಿಸಿದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವವರೆಗೂ ಅವರು ಆ ಕ್ಲಬ್ಬಿನ ಸದಸ್ಯರಾಗಿಯೇ ಇದ್ದರು.

ಆ ಬಾಲಕನ ಮನೆಯವರು 'ಚೆಂಡು ನಿನಗೆ ಅನ್ನ ಹಾಕುತ್ತದೆಯೇ?' ಎಂದು ಕೇಳಿ ಅವನನ್ನು ಕೂರಿಸಿಬಿಡಲಿಲ್ಲ. ಜೊತೆಗೆ ಕರೆದುಕೊಂಡು ಹೋದರು. ನಾನು ಹೇಳಬೇಕಾದ ಮುಖ್ಯ ಮಾತೂ ಇಷ್ಟೇ. ನಮ್ಮ ಮಕ್ಕಳಿಗೆ ಫುಟ್‌ಬಾಲಿನಿಂದ ಅಪಾಯ ಬರುವುದಿಲ್ಲ. ಫುಟ್‌ಬಾಲಿನ ಜೊತೆ ಅವರನ್ನು ಒಂಟಿಯಾಗಿ ಬಿಟ್ಟರೆ ಅಪಾಯ ಬರುತ್ತದೆ. ಒಂಟಿ ಹುಡುಗನ ಕೈಯಲ್ಲಿ ಮೊಬೈಲಿರುತ್ತದೆ, ಪಣವಿರುತ್ತದೆ, ಬೈಗುಳವಿರುತ್ತದೆ. ಪಕ್ಕದಲ್ಲಿ ತಂದೆ, ತಾಯಿ, ಅಜ್ಜ, ಅಕ್ಕ ಕುಳಿತಿದ್ದರೆ ಅದೇ ಆಟ ಮನೆಯ ಹಬ್ಬವಾಗುತ್ತದೆ.

ಹೆತ್ತವರಿಗೂ ಮಕ್ಕಳಿಗೂ

ಆದ್ದರಿಂದ ಹೆತ್ತವರೇ, ಈ ತಿಂಗಳು ಮಗನೊಡನೆ ಕುಳಿತು ಒಂದು ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಆಫ್‌ಸೈಡ್ ಎಂದರೇನೆಂದು ಅವನನ್ನೇ ಕೇಳಿ. ಮನೆಯಲ್ಲಿ ಅವನು ನಿಮಗೆ ಕಲಿಸುವ ಒಂದು ವಿಷಯವಾದರೂ ಇರಲಿ. ಕಲಿಸುವವನಿಗೆ ಕಲಿಯುವ ಮನಸ್ಸೂ ಬರುತ್ತದೆ. ಗಲ್ಫಿನಲ್ಲಿರುವ ತಂದೆಯರೇ, ಅಂಕ ಕೇಳುವ ಮೊದಲು ಸ್ಕೋರ್ ಕೇಳಿ. ಊರಿನ ಹಿರಿಯರೇ, ಕೊಯ್ಲಾದ ಗದ್ದೆಯಲ್ಲಿ ಮಕ್ಕಳು ಎರಡು ಕಂಬ ನೆಟ್ಟರೆ ಓಡಿಸಬೇಡಿ. ಸೆವೆನ್ಸ್ ನಡೆಸುವವರು ಗ್ಯಾಲರಿಯ ಭದ್ರತೆಯನ್ನು ಮೊದಲು ನೋಡಿಕೊಳ್ಳಲಿ. 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಾರು ಮಂದಿ ಗಾಯಗೊಂಡದ್ದನ್ನು ನಾವು ಮರೆತಿಲ್ಲ.

ಮಕ್ಕಳೇ, ನಿಮಗೂ ಒಂದು ಮಾತು. ಬಾವುಟ ಕಟ್ಟಲು ವಿದ್ಯುತ್ ಕಂಬ ಹತ್ತಬೇಡಿ. ತಂಡವನ್ನು ಪ್ರೀತಿಸಿ, ಎದುರಾಳಿಯನ್ನು ದ್ವೇಷಿಸಬೇಡಿ. ಎದುರಾಳಿ ಇಲ್ಲದಿದ್ದರೆ ಪಂದ್ಯವೇ ಇಲ್ಲ. ಹನ್ನೊಂದರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಕುಗ್ಗಬೇಡಿ. ಗೆರೆ ಎಳೆಯುವವನು, ನೀರು ತರುವವನು, ಬಿದ್ದವನನ್ನು ಎತ್ತುವವನು ಇಲ್ಲದೆ ಯಾವ ಪಂದ್ಯವೂ ನಡೆದಿಲ್ಲ. ಅಮ್ಮ ಊಟಕ್ಕೆ ಕರೆದಾಗ ಕಾರ್ನರ್ ಇದ್ದರೆ ಅಮ್ಮನನ್ನೂ ಕರೆಯಿರಿ. 'ಬಾ ಅಮ್ಮಾ, ಇದೊಂದು ನೋಡು' ಎಂದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ ಇಬ್ಬರೂ ಎದ್ದು ಹೋಗಿ ಬಿಸಿ ಗಂಜಿ ಉಣ್ಣಿ.